ಗಿಟಾರು ಕಟ್ಟಿದ ಬಡಗಿ

ಕಳೆದ ಬೇಸಿಗೆಯ ರಜೆಯಲ್ಲಿ ನಾನೊಂದು ಗಿಟಾರನ್ನು ಕಟ್ಟಲು ಕೈಹಾಕಿದೆನು. ಸಂಗೀತದ ಗಾಳಿಯೂ ಸುಳಿಯದ ಮನೆಯಲ್ಲಿ ಬೆಳೆದ ನನಗೆ ಈ ಹುಚ್ಚು ಎಲ್ಲಿಂದ ಹತ್ತಿತೆಂದು ಗೆಳೆಯರು ಕೇಳಿದ್ದಾರೆ. ನಡೆದುದು ಇಷ್ಟೆ. ಬೆಂಗಳೂರಿನಲ್ಲಿ ಅನುಕೂಲಸ್ಥರೊಬ್ಬರ ಕಾರು ಓಡಿಸುವ ನನ್ನ ಸೋದರಮಾವ ಯುಗಾದಿಗೆ ಊರಿಗೆ ಬರುವಾಗ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ತಂದರು. ಯಜಮಾನರ ಮಗ ಹೊರದೇಶದಿಂದ ತರಿಸಿ, ಒಮ್ಮೆ ಬಿಚ್ಚಿ ನೋಡಿ, ಬೇಸರವಾಗಿ ಅಟ್ಟಕ್ಕೆ ಹಾಕಿದ್ದ ಪದಾರ್ಥವಂತೆ ಅದು. ಒಳಗೆ ಒಂದು ಗಿಟಾರಿನ ಎಲ್ಲ ಬಿಡಿಭಾಗಗಳೂ ಇದ್ದುವು: ತೆಳ್ಳನೆಯ ಬಿಳಿಯ ಮುಖಹಲಗೆ, ಕಪ್ಪುಗೆಂಪು ಬಣ್ಣದ ಬೆನ್ನಹಲಗೆ, ಆಗಲೇ ಬಾಗಿಸಿದ ಎರಡು ಪಕ್ಕೆಗಳು, ಅರ್ಧ ಕೆತ್ತಿದ ದಂಡಿ, ಮೆಟ್ಟಿಲಿಗೆ ಬೇಕಾದ ತಂತಿ, ಬಿರಡೆಗಳು, ಒಂದು ಕಟ್ಟು ಸಣ್ಣ ಕಡ್ಡಿಗಳು. ಜೊತೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಪುಸ್ತಿಕೆ. ವೀಣೆಗೆ ನಾವು ಹೇಳುವ ಮೆಟ್ಟಿಲು, ಕುದುರೆ, ಬಿರಡೆ, ದಂಡಿ ಎಂಬ ಮಾತುಗಳನ್ನೇ ನಾನು ಗಿಟಾರಿಗೂ ಬಳಸುತ್ತಿದ್ದೇನೆ. ವಾದ್ಯ ಬೇರೆಯಾದರೂ ಅಂಗಗಳು ಮಾಡುವ ಕೆಲಸ ಒಂದೆ.

ನನ್ನ ತಂದೆಯವರು ಬಡಗಿ. ಬಾಗಿಲು, ಕಿಟಕಿ, ಮಂಚಗಳನ್ನು ಮಾಡುತ್ತಿದ್ದವರು. ಈಚೆಗೆ ಹೆಚ್ಚಾಗಿ ಪ್ಲೈವುಡ್ಡಿನ ಕಪಾಟುಗಳ ಕೆಲಸ. ನಾನು ಓದಿಯೇ ತೀರಬೇಕೆಂಬ ಹಟದಿಂದ ಅವರು ನನ್ನನ್ನು ಚಿಕ್ಕಂದಿನಿಂದಲೂ ಉಳಿ ಬಾಚಿಗಳ ಹತ್ತಿರ ಸುಳಿಯಗೊಡಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಬಾಗಿಲು ಹೊಕ್ಕವನು ನಾನೇ ಮೊದಲಿಗ. ಪೆಟ್ಟಿಗೆಯನ್ನು ಬಿಚ್ಚಿದಾಗ ಅವರು ಏನೂ ಹೇಳದೆ, ಕಪ್ಪು ಹಲಗೆಯ ಅಂಚನ್ನು ಉಗುರಿನಿಂದ ಕೆರೆದು, ಮೂಸಿ ನೋಡಿ, ಇದು ನಮ್ಮ ಬೀಟೆ ಎಂದರು. ಪುಸ್ತಿಕೆಯನ್ನು ತಿರುವಿದರೆ ಅದು ನಿಜವಾಗಿಯೂ ಭಾರತದ ಬೀಟೆಯೇ! ನಮ್ಮ ಕಡೆಯ ಕಾಡಿನ ಮರ ಸಮುದ್ರ ದಾಟಿ ಹೋಗಿ, ಹಾಳೆಯಾಗಿ ಬಾಗಿ, ಮತ್ತೆ ನಮ್ಮ ಜಗಲಿಗೆ ಬಂದು ಕುಳಿತಿತ್ತು.

ಆ ಪುಸ್ತಿಕೆಯಲ್ಲಿ ಮುಖಹಲಗೆಯ ಒಳಮೈಯ ಚಿತ್ರವೊಂದಿತ್ತು. ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಏಳು ಗೆರೆಗಳು. ಅದರ ಕೆಳಗೆ ಟೊರೆಸ್ ಪದ್ಧತಿ ಎಂಬ ಎರಡೇ ಪದ. ಟೊರೆಸ್ ಎಂದರೆ ಊರೋ, ಮರವೋ, ಕಂಪನಿಯೋ ತಿಳಿಯದೆ ವಿಚಾರಿಸಹೊರಟ ನನಗೆ ದೊರೆತುದು ಒಬ್ಬ ಬಡಗಿಯ ಬಾಳು. ಪಿಟೀಲಿನವರಿಗೆ ಸ್ಟ್ರಾಡಿವೇರಿಯ ಹೆಸರು ಹೇಗೋ ಗಿಟಾರಿನವರಿಗೆ ಈತನ ಹೆಸರು ಹಾಗೆ. ನಮ್ಮ ಕಾಲೇಜಿನಲ್ಲಿ ಅವನನ್ನು ಬಲ್ಲವರು ಹೆಚ್ಚಿರಲಾರರೆಂಬ ಧೈರ್ಯದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ಬಲ್ಲ ಗುರುಗಳಿದ್ದರೆ ತಿದ್ದಬೇಕಾಗಿ ವಿನಂತಿ.

ಸ್ಪೇನ್ ದೇಶದ ಆಗ್ನೇಯ ಮೂಲೆಯಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ ಆಲ್ಮೇರಿಯ ಎಂಬ ಪಟ್ಟಣವಿದೆ. ಮಳೆ ಬಲು ಕಡಿಮೆಯಾದ, ಬೋಳುಗುಡ್ಡಗಳ ಸೀಮೆ ಅದು. ಆ ಪಟ್ಟಣದ ಮಗ್ಗುಲಿನ ಲ ಕನ್ಯಾದ ಎಂಬ ಹಳ್ಳಿಯಲ್ಲಿ 1817ನೆಯ ಇಸವಿ ಜೂನ್ 13ರಂದು ಅಂತೋನಿಯೊ ದೆ ಟೊರೆಸ್ ಹುರಾದೊ ಹುಟ್ಟಿದನು. ತಂದೆ ತೆರಿಗೆ ವಸೂಲಿಯ ಕೆಲಸದಲ್ಲಿದ್ದವನು. ಹನ್ನೆರಡನೆಯ ವಯಸ್ಸಿಗೆ ಹುಡುಗನನ್ನು ಬಡಗಿಯೊಬ್ಬನ ಬಳಿ ಕೆಲಸ ಕಲಿಯಲು ಬಿಟ್ಟರು. ನಾವು ಏಳನೆಯ ತರಗತಿಯ ಪುಸ್ತಕ ಹಿಡಿದಿದ್ದ ವಯಸ್ಸಿನಲ್ಲಿ ಅವನು ಗರಗಸ ಹಿಡಿದನು.

1833ರಲ್ಲಿ ಸ್ಪೇನಿನ ದೊರೆ ಏಳನೆಯ ಫರ್ಡಿನೆಂಡ್ ತೀರಿಕೊಂಡನು. ಎಳೆಯ ಮಗಳಿಗೆ ಪಟ್ಟವೋ, ದೊರೆಯ ತಮ್ಮನಿಗೆ ಪಟ್ಟವೋ ಎಂಬ ಜಗಳ ದೇಶವನ್ನೇ ಇಬ್ಭಾಗ ಮಾಡಿ ಅಂತರ್ಯುದ್ಧವಾಗಿ ಬೆಳೆಯಿತು. ಇತಿಹಾಸದ ವಿದ್ಯಾರ್ಥಿಗಳಾದ ನಾವು ಇಂಥ ಯುದ್ಧಗಳ ಕಾರಣ ಪರಿಣಾಮಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಒಬ್ಬ ಬಡಗಿಯ ಮನೆಯ ಬಾಗಿಲನ್ನು ಆ ಯುದ್ಧ ಹೇಗೆ ತಟ್ಟಿತೆಂಬುದು ಪಠ್ಯಪುಸ್ತಕದಲ್ಲಿರುವುದಿಲ್ಲ. ಹರೆಯದ ಹುಡುಗರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಎಳೆದೊಯ್ಯುತ್ತಿದ್ದರು. ತಂದೆ ಓಡಾಡಿ, ಮಗನ ಮೈ ದಂಡಿನ ಕೆಲಸಕ್ಕೆ ತಕ್ಕುದಲ್ಲವೆಂದು ತೀರ್ಮಾನ ಮಾಡಿಸಿದನು. ಆದರೂ ಭಯ ನೀಗಲಿಲ್ಲ. ಮದುವೆಯಾಗದವರನ್ನೂ ಮಕ್ಕಳಿಲ್ಲದ ವಿಧುರರನ್ನೂ ಮಾತ್ರವೇ ಒಯ್ಯುತ್ತಿದ್ದುದರಿಂದ, 1835ರಲ್ಲಿ ಅವಸರ ಅವಸರವಾಗಿ ಅವನಿಗೆ ಮದುವೆ ಮಾಡಿದರು. ಹುಡುಗಿ ಅಂಗಡಿಯವನೊಬ್ಬನ ಮಗಳು, ಹ್ವಾನ ಮರಿಯ ಎಂದು ಹೆಸರು; ವಯಸ್ಸು ಹದಿಮೂರು. ನಮ್ಮ ಮುತ್ತಜ್ಜಿಯರ ಮದುವೆಯ ಕಥೆಯನ್ನು ಕೇಳಿದವರಿಗೆ ಇದರಲ್ಲಿ ಬೆರಗೇನೂ ತೋರದು. ಆದರೆ ಮಗನನ್ನು ಗುಂಡಿನಿಂದ ಉಳಿಸಲು ಮಗಳ ವಯಸ್ಸಿನವಳೊಬ್ಬಳ ಬಾಲ್ಯವನ್ನು ತೆತ್ತರೆಂಬುದನ್ನು ಮರೆಯುವಂತಿಲ್ಲ.

ಮೂರು ಮಕ್ಕಳಾದುವು, ಕಿರಿಯರಿಬ್ಬರು ಉಳಿಯಲಿಲ್ಲ. ಸಾಲದ ಮೇಲೆ ಸಾಲ, ಕೆಲಸಕ್ಕಾಗಿ ಅಲೆದಾಟ. 1845ರಲ್ಲಿ ಹೆಂಡತಿ ಕ್ಷಯರೋಗದಿಂದ ತೀರಿಕೊಂಡಳು. ಆಕೆಗೆ ಆಗ ಇಪ್ಪತ್ತಮೂರು ವರ್ಷ. ಇಪ್ಪತ್ತೆಂಟರ ಟೊರೆಸನಿಗೆ ಉಳಿದುದು ಒಂದು ಮಗು, ಒಂದಿಷ್ಟು ಸಾಲ, ಎರಡು ಕೈ.

ಅವನು ಗಿಟಾರಿನ ಕೆಲಸವನ್ನು ಗ್ರನಾದ ಪಟ್ಟಣದ ಹೋಸೆ ಪೆರ್ನಾಸ್ ಎಂಬುವನ ಬಳಿ ಕಲಿತನೆಂದು ಹೇಳುವುದುಂಟು. ಮುಂದೆ ಸೆವಿಲ್ ನಗರದಲ್ಲಿ ನೆಲೆಸಿ, ಸೆರ್ರಹೆರಿಯ ಬೀದಿಯಲ್ಲಿ ಇನ್ನೊಬ್ಬ ಗಿಟಾರು ಕಸಬುದಾರನೊಡನೆ ಪಾಲಿನ ಅಂಗಡಿಯಿಟ್ಟನು. ಸೆರ್ರಹೆರಿಯ ಎಂದರೆ ಬೀಗದ ಕೆಲಸದವರ ಬೀದಿ. ಮೊದಮೊದಲು ಗಿಟಾರು ಅವನಿಗೆ ಹಲವು ಕೆಲಸಗಳಲ್ಲೊಂದಾಗಿತ್ತು, ಅಷ್ಟೆ. ಅದನ್ನೇ ಕಸಬಾಗಿ ಹಿಡಿಯೆಂದು ಬೆನ್ನು ತಟ್ಟಿದವನು ಹೂಲಿಯನ್ ಅರ್ಕಾಸ್. ಅರ್ಕಾಸನು ಆಲ್ಮೇರಿಯ ಸೀಮೆಯವನೇ. ಟೊರೆಸನಿಗಿಂತ ಹದಿನೈದು ವರ್ಷ ಚಿಕ್ಕವನು. ಆ ಕಾಲದ ಹೆಸರಾಂತ ವಾದಕ. ನುಡಿಸುವವನಿಗೆ ಕಿವಿಯಿತ್ತು, ಕಟ್ಟುವವನಿಗೆ ಕೈಯಿತ್ತು. ಎಂಥ ನಾದ ಬೇಕೆಂಬುದನ್ನು ಅರ್ಕಾಸನು ಹೇಳುತ್ತ ಬಂದಂತೆ, ಅದನ್ನು ಮರದಿಂದ ತೆಗೆಯುವ ಬಗೆಯನ್ನು ಟೊರೆಸನು ಹುಡುಕುತ್ತ ಹೋದನು. 1856ರಲ್ಲಿ ಅವನು ಕಟ್ಟಿದ ಗಿಟಾರೊಂದಕ್ಕೆ ಲ ಲಿಯೋನ ಎಂಬ ಹೆಸರು ಬಂದಿತು. ಹೆಣ್ಣು ಸಿಂಹ ಎಂದು ಅದರ ಅರ್ಥ. 1858ರಲ್ಲಿ ಸೆವಿಲ್ಲಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಅವನ ಗಿಟಾರಿಗೆ ಕಂಚಿನ ಪದಕ ದೊರೆಯಿತು. ಆಗ ಅವನಿಗೆ ನಲವತ್ತು ದಾಟಿತ್ತು.

ಅವನು ಮಾಡಿದುದಾದರೂ ಏನು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ನಾನು ಎಡವಿದುದೂ ಇಲ್ಲಿಯೇ.

ಟೊರೆಸನಿಗಿಂತ ಹಿಂದಿನ ಗಿಟಾರು ಗಾತ್ರದಲ್ಲಿ ಚಿಕ್ಕದು, ದನಿಯಲ್ಲಿ ಕ್ಷೀಣ. ಹತ್ತು ಜನರಿರುವ ಕೋಣೆಯಲ್ಲಿ ಕೇಳಲು ಚೆಂದ. ಸಭಾಂಗಣದಲ್ಲಿ ಪಿಯಾನೋ ಗರ್ಜಿಸುವಾಗ ಅದರ ಮುಂದೆ ಏನೂ ಅಲ್ಲ. ದನಿ ಹೆಚ್ಚಬೇಕಾದರೆ ತಂತಿಯ ಮಿಡಿತವನ್ನು ಎತ್ತಿಕೊಂಡು ಗಾಳಿಯನ್ನು ನಡುಗಿಸುವ ಮುಖಹಲಗೆ ಹಗುರವಾಗಿರಬೇಕು, ತೆಳುವಾಗಿರಬೇಕು. ಆದರೆ ಬಿಗಿದ ಆರು ತಂತಿಗಳು ಕುದುರೆಯನ್ನು ಜಗ್ಗುವ ಬಲ ಸುಮಾರು 40 ಕಿಲೋಗ್ರಾಮಿನಷ್ಟು, ಎಂದರೆ ಸಿಮೆಂಟಿನ ಮೂಟೆಗಿಂತ ಸ್ವಲ್ಪವೇ ಕಡಿಮೆ. ಆ ಕುದುರೆ ಅಂಟಿರುವುದು ಎರಡು ಮಿಲಿಮೀಟರಿನ ಆಸುಪಾಸಿನ ಹಲಗೆಯ ಮೇಲೆ. ತೆಳುಮಾಡಿದರೆ ಹಲಗೆ ಸೊಟ್ಟಗಾಗಿ ಸೀಳುತ್ತದೆ; ದಪ್ಪ ಬಿಟ್ಟರೆ ಮೂಕವಾಗುತ್ತದೆ. ಗಿಟಾರು ಕಟ್ಟುವವರ ಕಷ್ಟವೆಲ್ಲ ಈ ಎರಡರ ನಡುವೆ ಇದೆ.

ಟೊರೆಸನು ಗಿಟಾರಿನ ಮೈಯನ್ನು, ಅದರಲ್ಲೂ ಸೊಂಟದ ಕೆಳಗಿನ ಭಾಗವನ್ನು, ಅಗಲ ಮಾಡಿದನು. ಮುಖಹಲಗೆಯನ್ನು ಅಂಚಿನ ಕಡೆಗೆ ಇನ್ನಷ್ಟು ತೆಳುವಾಗುವಂತೆ ಕೀಸಿ, ಚಪ್ಪಟೆಯಾಗಿ ಬಿಡದೆ ಕಂಡೂ ಕಾಣದಷ್ಟು ಉಬ್ಬು ಕೊಟ್ಟನು. ಕಮಾನಿಗೆ ಇರುವ ಶಕ್ತಿ ಚಪ್ಪಡಿಗಿಲ್ಲವೆಂಬುದನ್ನು ನಮ್ಮ ಹಳೆಯ ಸೇತುವೆಗಳನ್ನು ನೋಡಿದವರೆಲ್ಲರೂ ಬಲ್ಲರು. ಒಳಮೈಗೆ ಸಣ್ಣ ಕಡ್ಡಿಗಳನ್ನು ಬೀಸಣಿಗೆಯ ಆಕಾರದಲ್ಲಿ ಅಂಟಿಸಿದನು. ಈ ಬೀಸಣಿಗೆ ಅವನು ಕಂಡುಹಿಡಿದುದಲ್ಲ. ಹದಿನೆಂಟನೆಯ ಶತಮಾನದ ಸ್ಪೇನಿನ ಕಸಬುದಾರರು ಆಗಲೇ ಬಳಸಿದ್ದರು. ಕಡ್ಡಿಗಳನ್ನು ಏಳಕ್ಕೆ ಏರಿಸಿ, ಅಳತೆಗೆ ತಂದು, ತೆಳು ಹಲಗೆಯೊಡನೆ ಹೊಂದಿಸಿದುದು ಅವನ ಹೆಚ್ಚುಗಾರಿಕೆ. ತಂತಿಯ ಮಿಡಿಯುವ ಉದ್ದವನ್ನು ಸುಮಾರು 65 ಸೆಂಟಿಮೀಟರಿಗೆ ನಿಲ್ಲಿಸಿದನು. ಇಂದಿಗೂ ಶಾಸ್ತ್ರೀಯ ಗಿಟಾರುಗಳು ಹೆಚ್ಚಾಗಿ ಅದೇ ಅಳತೆಯವು. ನಾದರಂಧ್ರದೊಳಗೆ ಹಿತ್ತಾಳೆಯ ಕೊಳವೆಯೊಂದನ್ನು ಇಳಿಬಿಡುವ ಪ್ರಯೋಗವನ್ನೂ ಲ ಲಿಯೋನ ಮೊದಲಾದ ಕೆಲವು ವಾದ್ಯಗಳಲ್ಲಿ ಮಾಡಿದನು. ಅದು ಮುಂದೆ ರೂಢಿಯಲ್ಲಿ ಉಳಿಯಲಿಲ್ಲ.

ಮುಖಹಲಗೆಗೆ ಸ್ಪ್ರೂಸ್ ಎಂಬ ಶೀತದೇಶದ ಮರ. ಬೆನ್ನು ಪಕ್ಕೆಗಳಿಗೆ ಬ್ರೆಜಿಲ್ ದೇಶದ ಬೀಟೆ, ಮೇಪಲ್, ಇಲ್ಲವೆ ಅಗ್ಗದ ಸೈಪ್ರೆಸ್. ಬ್ರೆಜಿಲಿನ ಬೀಟೆ ಕಡಿದು ಕಡಿದು ಅಪರೂಪವಾಗಿ 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಬಿದ್ದಿತು. ಅದಕ್ಕೂ ಮೊದಲಿನಿಂದಲೇ ಆ ಸ್ಥಾನಕ್ಕೆ ನಮ್ಮ ಬೀಟೆ ಹೋಗಿ ಕುಳಿತಿದೆ. ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಟೊರೆಸನ ಕೆಲವು ಗಿಟಾರುಗಳ ಮುಖಹಲಗೆಗಳು ಮೂರು ನಾಲ್ಕು ತುಂಡುಗಳನ್ನು ಕೂಡಿಸಿ ಮಾಡಿದವು. ಅಗಲವಾದ ಒಳ್ಳೆಯ ಹಲಗೆ ಕೊಳ್ಳಲು ಕಾಸಿಲ್ಲದಾಗ ಇದ್ದ ತುಂಡುಗಳನ್ನೇ ಕೂಡಿಸಿದನೆಂದು ತೋರುತ್ತದೆ. ಅವುಗಳ ನಾದಕ್ಕೇನೂ ಊನವಾಗಿಲ್ಲವಂತೆ.

ಮುಖಹಲಗೆಯೇ ಮುಖ್ಯ, ಉಳಿದುದೆಲ್ಲ ಅದಕ್ಕೆ ಆಸರೆ ಎಂಬುದು ಅವನ ನಂಬಿಕೆಯಾಗಿತ್ತು. ನಂಬಿಕೆಯನ್ನು ವಾದದಿಂದ ಸ್ಥಾಪಿಸುವುದು ವಿದ್ವಾಂಸರ ಕ್ರಮ. ಬಡಗಿ ಮಾಡಿ ತೋರಿಸಿದನು. 1862ರಲ್ಲಿ ಅವನೊಂದು ಗಿಟಾರನ್ನು ಕಟ್ಟಿದನು. ಮುಖಹಲಗೆ ಉತ್ತಮ ಮರದ್ದು. ಬೆನ್ನು ಪಕ್ಕೆಗಳೆಲ್ಲ ಬರಿಯ ರಟ್ಟು! ನಮ್ಮ ನೋಟುಬುಕ್ಕಿಗೆ ಹಾಕುವಂಥ ರಟ್ಟು. ಅದು ಈಗಲೂ ಬಾರ್ಸಿಲೋನದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ನುಡಿಸುವ ಸ್ಥಿತಿಯಲ್ಲಿ ಇಲ್ಲ. ಆದರೆ ನುಡಿಯುತ್ತಿದ್ದ ಕಾಲದಲ್ಲಿ ಅದನ್ನು ಕೇಳಿದವರು ಮೆಚ್ಚಿಕೊಂಡಿದ್ದರು.

1868ರಲ್ಲಿ ಟೊರೆಸನು ಹೋಸೆಫ ಮಾರ್ತಿನ್ ಎಂಬಾಕೆಯನ್ನು ಮದುವೆಯಾದನು. ಮರುವರ್ಷ ಅವನ ಅಂಗಡಿಗೆ ಹದಿನೇಳರ ಆಸುಪಾಸಿನ ಹುಡುಗನೊಬ್ಬನು ಗಿಟಾರು ಕೊಳ್ಳಲು ಬಂದನು. ಹುಡುಗನ ವಯಸ್ಸು ವೇಷಗಳನ್ನು ನೋಡಿ ಟೊರೆಸನು ಮಾರಾಟಕ್ಕಿಟ್ಟಿದ್ದ ಸಾಧಾರಣ ಗಿಟಾರೊಂದನ್ನು ಕೈಗೆ ಕೊಟ್ಟನು. ಹುಡುಗನು ನುಡಿಸತೊಡಗಿದನು. ಟೊರೆಸನು ಕೇಳಿದನು. ಆಮೇಲೆ ಒಳಗೆ ಹೋಗಿ, 1864ರಲ್ಲಿ ಕಟ್ಟಿ ತನಗೆಂದೇ ಇಟ್ಟುಕೊಂಡಿದ್ದ ಗಿಟಾರನ್ನು ತಂದು ಅವನಿಗೆ ಕೊಟ್ಟನು. ಆ ಹುಡುಗನೇ ಫ್ರಾನ್ಸಿಸ್ಕೊ ತಾರೆಗ. ಆಧುನಿಕ ಗಿಟಾರು ವಾದನದ ಪಿತಾಮಹನೆಂದು ಮುಂದೆ ಹೆಸರಾದವನು. ನಾನು ತಾರೆಗನನ್ನು ಎಂದೂ ಕೇಳಿಲ್ಲವೆನ್ನುವ ಮಿತ್ರರಿಗೊಂದು ಮಾತು. ನಮ್ಮ ಬಾಲ್ಯದಲ್ಲಿ ಮನೆ ಮನೆಯಲ್ಲಿದ್ದ ನೋಕಿಯ ಫೋನಿನ ಕರೆಗಂಟೆಯ ರಾಗವನ್ನು ನೆನಪು ಮಾಡಿಕೊಳ್ಳಿರಿ. ಅದು ತಾರೆಗನು ಗಿಟಾರಿಗಾಗಿ ರಚಿಸಿದ ಗ್ರಾನ್ ವಾಲ್ಸ್ ಎಂಬ ಕೃತಿಯ ಒಂದು ತುಣುಕು. ಸಂತೆಯಲ್ಲಿ, ಬಸ್ಸಿನಲ್ಲಿ, ಒಮ್ಮೊಮ್ಮೆ ತರಗತಿಯಲ್ಲಿಯೂ ನಾವು ಅದನ್ನು ಕೇಳಿದ್ದೇವೆ.

ಇಂಥ ಘಟನೆಯ ನಂತರ ಟೊರೆಸನ ಬಾಳು ಬೆಳಗಿತೆಂದು ಬರೆಯುವ ಆಸೆ ಯಾರಿಗಾದರೂ ಆಗುತ್ತದೆ. ಆದುದು ಬೇರೆ. 1870ರ ಸುಮಾರಿಗೆ ಅವನು ಸೆವಿಲ್ಲಿನ ಅಂಗಡಿಯನ್ನು ಮುಚ್ಚಿ, ಹೆಂಡತಿಯೊಡನೆ ಆಲ್ಮೇರಿಯಕ್ಕೆ ಹಿಂದಿರುಗಿ, ಪಿಂಗಾಣಿ ಗಾಜಿನ ಸಾಮಾನುಗಳ ಅಂಗಡಿಯನ್ನು ತೆರೆದನು. ಪದಕ ಪಡೆದಿದ್ದವನು, ದೇಶದ ಶ್ರೇಷ್ಠ ವಾದಕರು ಅರಸಿಕೊಂಡು ಬರುತ್ತಿದ್ದವನು, ತಟ್ಟೆ ಲೋಟಗಳನ್ನು ಮಾರಲು ಕುಳಿತನು. ಐದು ವರ್ಷ ಅವನು ಗಿಟಾರಿನ ತಂಟೆಗೇ ಹೋಗಲಿಲ್ಲ.

ಈ ಐದು ವರ್ಷಗಳನ್ನು ಕುರಿತು ನಾನು ಬಹಳ ಯೋಚಿಸಿದ್ದೇನೆ. ಅವನನ್ನು ಕುರಿತು ಬರೆಯುವವರು ಈ ಭಾಗವನ್ನು ಎರಡು ವಾಕ್ಯಗಳಲ್ಲಿ ಮುಗಿಸಿ ಮುಂದಿನ ಗಿಟಾರುಗಳ ಕಡೆಗೆ ಓಡುತ್ತಾರೆ. ನನಗೆ ಮಾತ್ರ ಅವನು ಇಲ್ಲಿಯೇ ಹತ್ತಿರದವನಾಗಿ ಕಂಡನು. ತೇಗದ ಬಾಗಿಲಿಗೆ ಹೂಬಳ್ಳಿ ಕೆತ್ತಬಲ್ಲ ನನ್ನ ತಂದೆಯವರು ಅಂಗಡಿಯಿಂದ ಬಂದ ಹಾಳೆಗಳನ್ನು ಅಳತೆಗೆ ಕೊಯ್ದು ತಿರುಪು ಬಿಗಿಯುವುದನ್ನು ನಾನು ದಿನವೂ ನೋಡುತ್ತೇನೆ. ಅದರಲ್ಲಿ ದುಡ್ಡು ಬೇಗ ಕೈಗೆ ಬರುತ್ತದೆ. ನನ್ನ ಹಾಸ್ಟೆಲಿನ ಶುಲ್ಕ ಅದರಿಂದಲೇ ಸಂದಿತು. ಇದನ್ನು ಅವರು ಒಂದು ಕೊರಗೆಂದು ಎಂದೂ ಆಡಿಲ್ಲ. ಟೊರೆಸನೂ ಆಡಿರಲಾರನು. ಮನೆಯಲ್ಲಿ ಉಣ್ಣುವ ಬಾಯಿಗಳಿದ್ದುವು, ಜನಕ್ಕೆ ತಟ್ಟೆಗಳು ಬೇಕಾಗಿದ್ದುವು.

1875ರಲ್ಲಿ ಅವನು ಮತ್ತೆ ಉಳಿಯನ್ನು ಹಿಡಿದನು. ಅಂಗಡಿಯ ಕೆಲಸದಿಂದ ಬಿಡುವಾದ ಹೊತ್ತಿನಲ್ಲಿ. ಆ ಕಾಲದಿಂದ ಅವನ ಗಿಟಾರುಗಳೊಳಗಿನ ಚೀಟಿಯಲ್ಲಿ ಎರಡನೆಯ ಕಾಲ ಎಂಬ ಅರ್ಥದ ಸ್ಪ್ಯಾನಿಷ್ ಮಾತುಗಳು ಕಾಣುತ್ತವೆ. ತನ್ನ ಬಾಳನ್ನು ತಾನೇ ಹೀಗೆ ಎರಡು ಭಾಗ ಮಾಡಿ ಚೀಟಿ ಅಂಟಿಸಿದ ಮನುಷ್ಯ ಅವನು! 1883ರಲ್ಲಿ ಹೋಸೆಫ ತೀರಿಕೊಂಡಳು. ಎರಡನೆಯ ಸಲ ವಿಧುರನಾದ ಅರವತ್ತಾರರ ಟೊರೆಸನು ಅಲ್ಲಿಂದ ಮುಂದೆ ಹೆಚ್ಚು ಹೊತ್ತನ್ನು ಗಿಟಾರಿಗೇ ಕೊಟ್ಟನು. ಕೊನೆಯ ವರ್ಷಗಳಲ್ಲಿ ವರ್ಷಕ್ಕೆ ಸುಮಾರು ಹನ್ನೆರಡು ಗಿಟಾರುಗಳು ಅವನ ಕೈಯಿಂದ ಹೊರಬಂದುವು, ತಿಂಗಳಿಗೊಂದು. ಮುಪ್ಪಿನಲ್ಲಿ ಅವನಿಗೆ ನೆರವಾಗುತ್ತಿದ್ದವನು ಹ್ವಾನ್ ಮಾರ್ತಿನೆಸ್ ಸಿರ್ವೆಂತ್ ಎಂಬ ಪಾದ್ರಿ.

ಅವನ ಗುಟ್ಟನ್ನು ಕುರಿತ ಕಥೆ ನಮಗೆ ಈ ಪಾದ್ರಿಯಿಂದಲೇ ಬಂದಿದೆ. ಟೊರೆಸನು ಸತ್ತ ಸುಮಾರು ನಲವತ್ತು ವರ್ಷಗಳ ಮೇಲೆ, 1931ರಲ್ಲಿ, ಮುದುಕನಾಗಿದ್ದ ಪಾದ್ರಿ ಬರೆದ ಪತ್ರವೊಂದರಲ್ಲಿ ಅದಿದೆ. ಒಂದು ದಿನ ಊಟಕ್ಕೆ ಕುಳಿತಿದ್ದಾಗ ಅತಿಥಿಯೊಬ್ಬನು ಟೊರೆಸನನ್ನು ಕೇಳಿಕೊಂಡನಂತೆ. ಇಂಥ ವಿದ್ಯೆ ನಿನ್ನೊಡನೆ ಮಣ್ಣಾಗಬಾರದು, ಅದರ ರಹಸ್ಯವನ್ನು ಲೋಕಕ್ಕೆ ತಿಳಿಸಿ ಹೋಗಬೇಕು ಎಂದು. ಟೊರೆಸನು ವಿಷಾದದಿಂದ ನಕ್ಕು, ಅದನ್ನು ಬಿಟ್ಟುಹೋಗಲು ತನ್ನಿಂದ ಆಗದೆಂದನು. ತನ್ನ ಹೆಬ್ಬೆರಳು ತೋರುಬೆರಳುಗಳ ತುದಿಯ ನಡುವೆ ಹಲಗೆಯನ್ನು ಹಿಡಿದಾಗ, ಅದು ಹದಕ್ಕೆ ಬಂದಿದೆಯೋ ಇಲ್ಲವೋ ಎಂಬುದನ್ನು ಆ ಬೆರಳುಗಳೇ ತನ್ನ ಬುದ್ಧಿಗೆ ತಿಳಿಸುತ್ತವೆ, ಅದಕ್ಕಿಂತ ಬೇರೆ ರಹಸ್ಯವಿಲ್ಲ ಎಂದು ಹೇಳಿದನಂತೆ.

1892ರ ನವೆಂಬರ್ 19ರಂದು, ಎಪ್ಪತ್ತೈದನೆಯ ವಯಸ್ಸಿನಲ್ಲಿ, ಆಲ್ಮೇರಿಯದಲ್ಲಿ ಟೊರೆಸನು ತೀರಿಕೊಂಡನು.

ಅವನ ಗಿಟಾರುಗಳು ಉಳಿದುವು. ತಾರೆಗನ ಶಿಷ್ಯನಾದ ಮಿಗೆಲ್ ಲ್ಯೊಬೆತನು 1859ರ ಟೊರೆಸ್ ಗಿಟಾರನ್ನು ಹಿಡಿದು ದೇಶದೇಶಗಳಲ್ಲಿ ನುಡಿಸಿದನು. ಸ್ಪೇನಿನ ಕಸಬುದಾರರು ಆ ವಾದ್ಯಗಳನ್ನು ಬಿಚ್ಚಿ, ಅಳೆದು, ನಕಲು ತೆಗೆದರು. ಇಂದು ಲೋಕದಲ್ಲಿ ಶಾಸ್ತ್ರೀಯ ಗಿಟಾರೆಂದು ಕರೆಯುವ ವಾದ್ಯದ ಮೈಕಟ್ಟು ಬಹುಮಟ್ಟಿಗೆ ಅವನದೇ. ಆದರೆ ಅವನ ಬಾಳನ್ನು ವಿಸ್ತಾರವಾಗಿ ಬರೆದ ಪುಸ್ತಕ ಬಂದುದು 1987ರಲ್ಲಿ, ಅವನು ಸತ್ತು 95 ವರ್ಷಗಳಾದ ಮೇಲೆ. ಬರೆದವನು ಪ್ರಾಧ್ಯಾಪಕನಲ್ಲ. ಹೋಸೆ ರೊಮನಿಲ್ಯೋಸ್ ಎಂಬ ಮರಗೆಲಸದವನು. ಮ್ಯಾಡ್ರಿಡ್‌ನಲ್ಲಿ 1932ರಲ್ಲಿ ಹುಟ್ಟಿ, ಹೊಟ್ಟೆಪಾಡಿಗಾಗಿ ಇಂಗ್ಲೆಂಡಿಗೆ ಹೋಗಿ, 1961ರಲ್ಲಿ ಅಡಿಗೆಮನೆಯ ಮೇಜಿನ ಮೇಲೆ ತನ್ನ ಮೊದಲನೆಯ ಗಿಟಾರನ್ನು ಕಟ್ಟಿದವನು. ಹೇಳಿಕೊಡುವ ಗುರುವಿಲ್ಲ, ಪುಸ್ತಕ ನೋಡಿ ಕಟ್ಟಿದನು. ಮುಂದೆ ಅವನು ಲೋಕಪ್ರಸಿದ್ಧ ಗಿಟಾರುಕಾರನಾದುದು ಬೇರೆ ಮಾತು. ಆ ಮೊದಲನೆಯ ಗಿಟಾರಿನ ಸುದ್ದಿಯನ್ನು ಓದಿದಾಗಲೇ ನನಗೆ ಧೈರ್ಯ ಬಂದುದು.

ಧೈರ್ಯ ಸ್ವಲ್ಪ ಹೆಚ್ಚಾಗಿಯೇ ಬಂದಿತು. ಪೆಟ್ಟಿಗೆಯ ಮುಖಹಲಗೆ ಎರಡೂವರೆ ಮಿಲಿಮೀಟರಿನಷ್ಟಿತ್ತು. ಸ್ವಲ್ಪ ತೆಗೆಯಬಹುದೆಂದು ಪುಸ್ತಿಕೆ ಹೇಳುತ್ತಿತ್ತು. ಟೊರೆಸನು ತೆಳು ಮಾಡುತ್ತಿದ್ದನೆಂದು ಓದಿಕೊಂಡಿದ್ದ ನಾನು ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿಕೊಂಡು ಎರಡು ದಿನ ಉಜ್ಜಿದೆನು. ತಂದೆಯವರು ಕೆಲಸಕ್ಕೆ ಹೋದ ಮೇಲೆ ಉಜ್ಜುವುದು, ಅವರು ಬರುವ ಹೊತ್ತಿಗೆ ಪುಸ್ತಕ ಹಿಡಿಯುವುದು. ಎರಡನೆಯ ದಿನ ಸಂಜೆ ವಿದ್ಯುತ್ತು ಹೋಗಿತ್ತು. ಅವರು ಜಗಲಿಯ ಕತ್ತಲಿನಲ್ಲಿ ಕುಳಿತು ಹಲಗೆಯನ್ನು ಮಡಿಲಿಗೆ ಎಳೆದುಕೊಂಡು, ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ನಿಧಾನವಾಗಿ ಸುತ್ತಲೂ ಸರಿಸುತ್ತ ಬಂದರು. ಒಂದು ಕಡೆ ಬೆರಳು ನಿಂತಿತು. ಇಲ್ಲಿ ಸತ್ತುಹೋಗಿದೆ ಎಂದರು. ದೀಪ ಬಂದ ಮೇಲೆ ನೋಡಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ಮರುದಿನ ಐ.ಟಿ.ಐ.ನಲ್ಲಿ ಓದುವ ಗೆಳೆಯನಿಂದ ವರ್ನಿಯರ್ ತಂದು ಅಳೆದೆನು. ಸುತ್ತ ಎಲ್ಲ 2.2 ಮಿಲಿಮೀಟರು, ಅವರ ಬೆರಳು ನಿಂತಲ್ಲಿ 1.3.

ಪಾದ್ರಿಯ ಪತ್ರದ ಕಥೆಯನ್ನು ನಾನು ಆಗ ಇನ್ನೂ ಓದಿರಲಿಲ್ಲ. ಒಂದು ತಿಂಗಳ ಮೇಲೆ ಓದಿದಾಗ ಪುಟವನ್ನು ಮಗುಚದೆ ಬಹಳ ಹೊತ್ತು ಕುಳಿತಿದ್ದೆನು. ಆ ರಾತ್ರಿ ಅದನ್ನು ಕನ್ನಡದಲ್ಲಿ ತಂದೆಯವರಿಗೆ ಹೇಳಿದೆನು. ಅವರು ಕೇಳಿ, ಅದರಲ್ಲಿ ಗುಟ್ಟೇನು ಬಂತು, ಬೆರಳಿಗಲ್ಲದೆ ಇನ್ನು ಯಾವುದಕ್ಕೆ ಗೊತ್ತಾಗಬೇಕು ಎಂದು ಕೇಳಿದರು. ಆಮೇಲೆ, ಆ ಸ್ಪೇನಿನವನಿಗೆ ಗಂಡುಮಕ್ಕಳಿದ್ದರೋ, ಕೆಲಸ ಕಲಿತರೋ ಎಂದರು. ಅವನ ಅಂಗಡಿಯನ್ನು ಮುಂದುವರಿಸಿದ ಮಗನ ಹೆಸರು ನಾನು ಓದಿದುದರಲ್ಲಿ ಎಲ್ಲಿಯೂ ಇರಲಿಲ್ಲ. ಹಾಗೆಂದು ಹೇಳಿದೆನು. ಅವರು ಮತ್ತೇನೂ ಕೇಳಲಿಲ್ಲ.

ತೆಳುವಾದ ಭಾಗಕ್ಕೆ ಒಳಗಿನಿಂದ ಅದೇ ಜಾತಿಯ ಮರದ ತೇಪೆಯೊಂದನ್ನು ಅವರು ಹಾಕಿದರು. ಬೀಸಣಿಗೆಯ ಏಳು ಕಡ್ಡಿಗಳನ್ನು ನಾನು ಅಂಟಿಸಿದೆನು. ನಾನು ಇಂಗ್ಲಿಷಿನ ಪುಸ್ತಿಕೆಯನ್ನು ಓದಿ ಅರ್ಥ ಹೇಳುವುದು, ಅವರು ಮರವನ್ನು ಓದಿ ನನಗೆ ಹೇಳುವುದು, ಹೀಗೆ ಕೆಲಸ ಸಾಗಿತು. ಎರಡು ಓದುಗಳೂ ಒಪ್ಪದಿದ್ದಾಗ ಅವರ ಮಾತೇ ಸರಿಯಾಗುತ್ತಿತ್ತು. ಕುದುರೆಯ ಜಾಗವೊಂದನ್ನು ಬಿಟ್ಟು. ಅಲ್ಲಿ ಪುಸ್ತಿಕೆಯ ಲೆಕ್ಕವೇ ಗೆದ್ದಿತೆಂಬುದನ್ನು ನನ್ನ ಗೌರವಕ್ಕಾಗಿ ಇಲ್ಲಿ ದಾಖಲಿಸುತ್ತೇನೆ. ಆಷಾಢದ ತೇವಕ್ಕೆ ಬೆನ್ನಹಲಗೆ ಉಬ್ಬಿ ಹದಿನೈದು ದಿನ ಕಾಯಬೇಕಾಯಿತು. ಗಣೇಶನ ಹಬ್ಬಕ್ಕೆ ರಜೆಯಲ್ಲಿ ಹೋದಾಗ ತಂತಿ ಬಿಗಿದೆವು.

ನುಡಿಸಲು ನನಗೆ ಬರುವುದಿಲ್ಲ. ಬಲ್ಲ ಸಹಪಾಠಿಯೊಬ್ಬನು ಮೊನ್ನೆ ಮನೆಗೆ ಬಂದಾಗ ನುಡಿಸಿ, ಕೆಳಸ್ಥಾಯಿ ಚೆನ್ನಾಗಿದೆಯೆಂದನು. ಮೂರನೆಯ ತಂತಿಯನ್ನು ಎರಡನೆಯ ಮೆಟ್ಟಿಲಿನಲ್ಲಿ ಒತ್ತಿದರೆ ಮಾತ್ರ ಜಿರ್ರೆನ್ನುತ್ತದೆ. ಅದರ ಮುಂದಿನ ಮೆಟ್ಟಿಲು ಸರಿಯಾಗಿ ಕುಳಿತಿಲ್ಲ. ಪರೀಕ್ಷೆ ಮುಗಿದ ಮೇಲೆ ಅದನ್ನು ಕಿತ್ತು ಮತ್ತೆ ಕೂರಿಸೋಣವೆಂದು ತಂದೆಯವರು ಹೇಳಿದ್ದಾರೆ. ಈ ಸಲ ಸುತ್ತಿಗೆಯನ್ನು ನನ್ನ ಕೈಗೇ ಕೊಡುವರಂತೆ.